ಬೀರವ್ವನ ಅಂಗಾಲು ಮತ್ತು ಕಂಚಿನ ವಾಟಿ

ಬೀರವ್ವನ ಗಂಡನ ಮನೆಯಲ್ಲಿ ಒಂದು ಕಂಚಿನ ವಾಟಿ ಇತ್ತು. ಅಂಗೈಯಲ್ಲಿ ಕೂಡುವಷ್ಟು ಸಣ್ಣ ಬಟ್ಟಲು, ತಳ ಗುಂಡಗೆ. ಅದರಲ್ಲಿ ಯಾರೂ ಉಣ್ಣುತ್ತಿರಲಿಲ್ಲ. ಅದು ಕಾಲು ತಿಕ್ಕುವ ವಾಟಿ. ಅಂಗಾಲಿಗೆ ತುಪ್ಪವನ್ನೋ ಔಡಲೆಣ್ಣೆಯನ್ನೋ ಸವರಿ, ವಾಟಿಯ ತಳವನ್ನು ಹಿಮ್ಮಡಿಯಿಂದ ಬೆರಳಿನ ತನಕ ತಿಕ್ಕುತ್ತ ಹೋದರೆ ಸ್ವಲ್ಪ ಹೊತ್ತಿಗೆ ಆ ಜಿಡ್ಡು ಕಾಡಿಗೆಯಂತೆ ಕಪ್ಪಾಗುತ್ತದೆ. ಮೈಯೊಳಗಿನ ಉಷ್ಣ ಹೊರಗೆ ಬಂತು ಅನ್ನುತ್ತಾರೆ ಸೋಲಾಪುರದ ಕಡೆಯ ಜನ. ಉಷ್ಣವೋ, ಕಂಚಿನ ಕಿಲುಬೋ, ಆ ವಾದ ಯಾರಿಗೆ ಬೇಕು. ತಿಕ್ಕಿಸಿಕೊಂಡವರು ಮಗುವಿನ ಹಾಗೆ ನಿದ್ದೆ ಹೋಗುತ್ತಾರೆ, ಅಷ್ಟು ಸಾಕು.

ವಾಟಿಯಾಗುವ ಮೊದಲು ಅದು ಗಂಟೆಯಾಗಿತ್ತು. ಬೀರವ್ವನ ಮಾವ ಕಾಮಣ್ಣ, ಅಕ್ಕಲಕೋಟೆ ತಾಲೂಕಿನ ನಾಗಣಸೂರಿನವನು, ಕುರುಬರ ದೇವರು ಬೀರೋಬಾನ ಒಕ್ಕಲು. ಅವನ ಹಿಂಡಿನ ಮುಂದಿನ ಟಗರಿನ ಕೊರಳಲ್ಲಿ ಆ ಗಂಟೆ ಇತ್ತು. ಟಗರು ಒಂದು ದಿನ ಸೊಕ್ಕಿಗೆ ಬಂದು ಬಾವಿಯ ಕಲ್ಲುಕಟ್ಟೆಗೇ ಡಿಕ್ಕಿ ಹೊಡೆಯಿತು. ಟಗರಿನ ತಲೆಗೆ ಏನೂ ಆಗಲಿಲ್ಲ, ಗಂಟೆ ಸೀಳಿತು. "ಹಿತ್ತಾಳಿಗಿ ಹುಳಿ ಆಗೂದಿಲ್ಲ, ಕಂಚಿಗಿ ಪೆಟ್ಟ ಆಗೂದಿಲ್ಲ" ಅನ್ನುವುದು ಆ ಸೀಮೆಯ ಮಾತು. ಸೀಳಿದ ಕಂಚಿಗೆ ತೇಪೆ ಹಾಕಲು ಬರುವುದಿಲ್ಲ. ಗೊಗ್ಗರು ದನಿಗೆ ಕುರಿಗಳು ಸೇರಲೊಲ್ಲವು. ಕಾಮಣ್ಣ ಗಂಟೆಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಅಕ್ಕಲಕೋಟೆಯ ಬೋಗಾರನ ಒಲೆಯ ಮುಂದೆ ಹೋಗಿ ಕುಳಿತ. ಬೋಗಾರ ಒಳ್ಳೆಯ ಕಂಚು ಇಟ್ಟುಕೊಂಡು ಹಾಳು ಕಂಚು ಎರಕ ಹೊಯ್ದಾನು ಎಂಬ ಅಂಜಿಕೆ. ಮಧ್ಯಾಹ್ನವಾಯಿತು.

"ಏ ಕಾಮಣ್ಣ, ಉಣ್ಣಾಕರ ಹೋಗೋ ಮಾರಾಯ," ಅಂದ ಬೋಗಾರ.

"ನೀ ಹೋದ್ರ ನಾನೂ ಹೋಗ್ತೀನಿ."

ಇಬ್ಬರೂ ಉಪವಾಸ ಬಿದ್ದರು. ಸಂಜೆಗೆ ಟಗರಿಗೊಂದು ಹೊಸ ಗಂಟೆಯಾಯಿತು, ಉಳಿದ ಕಂಚಿನಲ್ಲಿ ಒಂದು ವಾಟಿಯಾಯಿತು. ಸಾವಿರದ ಒಂಬೈನೂರ ಇಪ್ಪತ್ತೆರಡನೆಯ ಇಸವಿ. ಮಗ ಹಣಮಂತಪ್ಪನ ಲಗ್ನ ಗೊತ್ತಾಗಿತ್ತು, ಕುರನೂರಿನ ಹುಡುಗಿಯೊಂದಿಗೆ. ಬಂದ ಸೊಸೆಯ ಕೈಗೆ ಕಾಮಣ್ಣ ವಾಟಿಯನ್ನು ಕೊಟ್ಟ. ತನ್ನ ಕಾಲು ತಿಕ್ಕಲಿ ಎಂದೇ ಕೊಟ್ಟ. ಮಾವ ಸೊಸೆಗೆ ಕೊಡುವ ಉಡುಗೊರೆಗಳು ಸಾಮಾನ್ಯವಾಗಿ ಹೀಗೇ ಇರುತ್ತವೆ.

ಆಗ ಬೀರವ್ವನಿಗೆ ಹದಿನಾಲ್ಕು. ಬೋರಿ ಹೊಳೆಯ ದಂಡೆಯಲ್ಲಿ ಕುರಿ ಕಾಯ್ದವಳು. ಈ ದಂಡೆಯಿಂದ ಕೂಗಿದರೆ ಆ ದಂಡೆಯ ಕುರಿ ತಲೆ ಎತ್ತಬೇಕು, ಅಂಥ ದನಿ. "ಕಂಚಿನ ಕಂಠ ಐತಿ ಹುಡುಗಿದು, ಅತ್ತಿಮನ್ಯಾಗ ಹ್ಯಾಂಗ ಬಾಳೇ ಮಾಡ್ತದೋ" ಎಂದು ತವರಿನವರು ಚಿಂತೆ ಮಾಡಿದ್ದರು. ಅತ್ತೆ ಗುರುಬಾಯಿಯ ದನಿ ಅದಕ್ಕಿಂತ ಒಂದು ಕೈ ಮೇಲಿತ್ತು. ಹಾಗಾಗಿ ಚಿಂತೆ ತೀರಿತು.

ಕಾಮಣ್ಣ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಹಿಂಡು ಹಂಚಿಕೊಳ್ಳುವುದಕ್ಕೆ ಕುಳಿತರು. ಯಾವ ಕುರಿ ಯಾರಿಗೆ ಎಂದು ಮೂರು ದಿನ ಬೈದಾಡಿದರು. ಹಣಮಂತಪ್ಪನಿಗೆ ಬೈದಾಟ ಬರುತ್ತಿರಲಿಲ್ಲ. ನನ್ನ ಪಾಲಿನವೂ ನಿಮಗೇ ಇರಲಿ ಎಂದು ಎದ್ದು, ತಾಯಿಯನ್ನೂ ಹೆಂಡತಿಯನ್ನೂ ಕರೆದುಕೊಂಡು ಸೋಲಾಪುರಕ್ಕೆ ಬಂದು ನೂಲಿನ ಗಿರಣಿ ಸೇರಿದ. ಗಿರಣಿಯ ಹಿಂದಿನ ಚಾಳದಲ್ಲಿ, ಕೆಲಸಗಾರರ ಸಾಲುಮನೆಗಳಲ್ಲಿ, ಒಂದು ಖೋಲಿ. ಒಂದು ಕಿಟಕಿ, ಶಹಾಬಾದಿ ಕಲ್ಲಿನ ನೆಲ, ಅಗುಳಿ ಇಲ್ಲದ ಬಾಗಿಲು. ಕುರಿ ಬಿಟ್ಟು ಬಂದವರ ಸಾಮಾನಿನಲ್ಲಿ ಎರಡು ಕಂಬಳಿ ಮತ್ತು ಆ ವಾಟಿ ಇದ್ದವು.

ಬೀರವ್ವ ಸಂಜೆ ಅತ್ತೆಯ ಕಾಲು ತಿಕ್ಕುತ್ತಿದ್ದಳು, ಗಂಡನ ಕಾಲು ತಿಕ್ಕುತ್ತಿದ್ದಳು, ಊರಿನಿಂದ ಬಂದ ನೆಂಟರ ಕಾಲೂ ತಿಕ್ಕುತ್ತಿದ್ದಳು. ಆ ಮನೆಯಲ್ಲಿ ಕಂಚು ಮುಟ್ಟದ ಕಾಲು ಎರಡೇ ಇದ್ದವು, ಬೀರವ್ವನವು. ಇದರಲ್ಲಿ ಅನ್ಯಾಯವಿದೆ ಎಂದು ಅವಳಿಗಾಗಲಿ ಬೇರೆಯವರಿಗಾಗಲಿ ಹೊಳೆದಿರಲಿಲ್ಲ. ಕಣ್ಣು ತನ್ನನ್ನು ತಾನು ನೋಡಿಕೊಳ್ಳುವುದಿಲ್ಲ, ಹಾಗೆ.

ಮೂವತ್ತನೆಯ ಇಸವಿಯ ಮೇ ತಿಂಗಳಲ್ಲಿ ಸೋಲಾಪುರಕ್ಕೆ ಮಾರ್ಷಲ್ ಲಾ ಬಂತು. ತಲೆಯ ಮೇಲೆ ಬಿಳಿ ಗಾಂಧಿ ಟೋಪಿ ಕಂಡರೆ ಹಿಡಿಯುತ್ತಿದ್ದರು. ಹಣಮಂತಪ್ಪ ಟೋಪಿ ತೆಗೆಯಲಿಲ್ಲ. ಕೋರ್ಟಿನಲ್ಲಿ ತಪ್ಪಾಯಿತು ಅನ್ನು, ಬಿಡುತ್ತೇವೆ ಅಂದರಂತೆ. "ನನ್ನ ತಲಿ, ನನ್ನ ಟೋಪಿ" ಅಂದನಂತೆ. ಒಂದೂವರೆ ವರ್ಷ ವಿಜಾಪುರದ ಜೈಲು.

ಅವನು ಹೋದ ವಾರಕ್ಕೇ ಬೀರವ್ವ ಗಿರಣಿಯ ನೂಲು ಸುತ್ತುವ ಖಾತೆಗೆ ಸೇರಿದಳು. ಆ ಕೆಲಸಕ್ಕೆ ಕೂಡುವ ಹಾಗಿಲ್ಲ. ಗಿರಣಿಯ ಸೀಟಿ, ಬೆಳಗಿನ ಭೋಂಗಾ, ಕೂಗಿದಾಗ ನಿಂತರೆ ಸಂಜೆಯ ಭೋಂಗಾ ಕೂಗುವ ತನಕ ಕಲ್ಲಿನ ಮೇಲೆ ನಿಂತೇ ಇರಬೇಕು, ಹರಿದ ಎಳೆ ಕಂಡಲ್ಲಿ ಓಡಿ ಗಂಟು ಹಾಕಬೇಕು. ಜೈಲಿಗೆ ಹೋದವರ ಹೆಸರುಗಳನ್ನು ನಾವು ಕಲ್ಲಿನಲ್ಲಿ ಕೆತ್ತಿಸಿದೆವು. ಅವರ ಮನೆಯ ಒಲೆ ಆರದಂತೆ ಯಾರು ನಿಂತರು ಎಂದು ಯಾವ ಕಲ್ಲೂ ಹೇಳುವುದಿಲ್ಲ.

ಚಾಳಕ್ಕೆ ಪೊಲೀಸರು ಹೊತ್ತು ಗೊತ್ತಿಲ್ಲದೆ ಬರತೊಡಗಿದರು. ಉಪಾಯ ಹೇಳಿದವಳು ಗುರುಬಾಯಿ.

"ಹಟ್ಟಿಗಿ ತೋಳ ಬಂದ್ರ ನಾವ್ ಏನ ಮಾಡ್ತಿದ್ವಿ? ಕಂಚ ಬಡೀತಿದ್ವಿ. ಬಂಗಾರ ಬಿದ್ರ ಮನಿಗಿ ಗೊತ್ತ, ಕಂಚ ಬಿದ್ರ ಊರಿಗೆಲ್ಲಾ ಗೊತ್ತ. ಪೊಲೀಸನ್ನ ಮೊದಲ ಯಾರ್ ನೋಡ್ತಾರ, ಅವರು ತಾಟ ಬಡೀರಿ. ಕೇಳಿದವರು ತಮ್ಮ ತಾಟ ಬಡೀರಿ. ಹಿತ್ತಾಳಿ ಬ್ಯಾಡ, ಕಬ್ಬಿಣ ಬ್ಯಾಡ. ಅವು ದಿನಾ ಸಪ್ಪಳಾ ಮಾಡ್ತಾವು."

ಚಾಳಕ್ಕೆ ಅದು ಕಾಯಿದೆಯಾಯಿತು. ಪೊಲೀಸರು ಬಂದಾಗಲ್ಲದೆ ಯಾರೂ ಕಂಚಿನ ಸದ್ದು ಮಾಡಕೂಡದು. ಇದರಿಂದ ಹೆಚ್ಚು ಕಷ್ಟಕ್ಕೆ ಸಿಕ್ಕವನು ಪಕ್ಕದ ಖೋಲಿಯ ತುಕಾರಾಮ. ಹಣಮಂತಪ್ಪನ ಜೊತೆ ಗಿರಣಿಯಲ್ಲಿದ್ದವನು, ಚಳವಳಿಯಲ್ಲಿದ್ದವನು, ಸಂಜೆಯಾದರೆ ಭಜನೆಗೆ ಕೂಡುವವನು. ಅವನ ತಾಳಗಳು ಕಂಚಿನವು. ಅವನ್ನೂ ಕಟ್ಟಿ ಇಡಿಸಿದರು. "ಇಠ್ಠಲಗೂ ಮಾರ್ಷಲ್ ಲಾ ಹಾಕಿದ್ರಲ್ರೋ," ಎಂದು ಗೊಣಗುತ್ತ ಅವನು ಬರೀ ಚಪ್ಪಾಳೆಯಲ್ಲಿ ಭಜನೆ ಮಾಡಿದ.

ಹಣಮಂತಪ್ಪ ಮೂವತ್ತೊಂದರ ಕೊನೆಗೆ ಬಿಡುಗಡೆಯಾಗಿ ಬಂದ. ಗಡ್ಡ ಬಂದಿತ್ತು, ಅಕ್ಷರ ಬಂದಿತ್ತು, ಗಿರಣಿಯವರು ಮಾತ್ರ ಒಳಗೆ ಬಿಡಲಿಲ್ಲ. ಮನೆಯಲ್ಲಿದ್ದು ನೀರು ತಂದ, ಜೋಳ ಬೀಸಿಸಿಕೊಂಡು ಬಂದ, ಸಭೆಗಳ ಕರಪತ್ರ ಹಂಚಿದ. ಹೊಸ ವರ್ಷಕ್ಕೆ ಮತ್ತೆ ಚಳವಳಿ ಎದ್ದಿತು, ಮತ್ತೆ ಹಿಡಿಯುವುದು ಶುರುವಾಯಿತು.

ಬೀರವ್ವನ ಕಾಲನ್ನು ಅವನು ಮೊದಲು ನೋಡಿದ್ದು ಒಂದು ಭಾನುವಾರ. ಅವಳು ಹೊಸ್ತಿಲ ಮೇಲೆ ಕುಳಿತು ಹಸಿ ಗೋಣಿಚೀಲವನ್ನು ಅಂಗಾಲಿಗೆ ಸುತ್ತಿಕೊಳ್ಳುತ್ತಿದ್ದಳು. ಹಿಮ್ಮಡಿ ಬಿರುಕು ಬಿಟ್ಟು ಹೋಗಿತ್ತು, ಬೇಸಿಗೆಯ ಕೆರೆಯ ತಳದ ಹಾಗೆ. ನಡುಪಾದ ಕೆಂಡದ ಬಣ್ಣವಾಗಿತ್ತು.

"ಏನಿದು?"

"ಉರಿ. ಎಲ್ಲಾ ಹೆಣ್ಮಕ್ಕಳಿಗೂ ಐತಿ."

"ಯಾವಾಗಿಂದ?"

"ನೀವು ಒಳಗ ಹೋದಾಗಿಂದ." ಬೈಗುಳವಲ್ಲ ಅದು, ಬರೀ ದಿನದ ಲೆಕ್ಕ. ಅದಕ್ಕೇ ಅವನಿಗೆ ನಾಟಿತು.

ಓಣಿಯ ವೈದ್ಯ ಕಲ್ಯಾಣಪ್ಪನನ್ನು ಕೇಳಿದ. ಅವನು ಹೇಳಿದ್ದು ಎಲ್ಲರಿಗೂ ಗೊತ್ತಿದ್ದ ಔಷಧವನ್ನೇ. ದಿನಾ ಸಂಜೆ, ತುಪ್ಪ ಹಚ್ಚಿ, ಕಂಚಿನ ವಾಟಿಯಿಂದ, ಒಂದೊಂದು ಕಾಲಿಗೆ ಅರ್ಧ ತಾಸು. ಬೀರವ್ವ ತಾನೇ ತಿಕ್ಕಿಕೊಳ್ಳಲು ಕುಳಿತಳು. ಹತ್ತು ಸಲ ವಾಟಿ ಆಡಿಸುವಷ್ಟರಲ್ಲಿ ಕುಳಿತಲ್ಲೇ ನಿದ್ದೆ ಹೋದಳು. ಹಗಲೆಲ್ಲ ನಿಂತವಳು ಇನ್ನೇನು ಮಾಡಿಯಾಳು. ಗುರುಬಾಯಿ ಕೈಯಿಟ್ಟು ನೋಡಿದಳು. ವಾತದಿಂದ ಸೊಟ್ಟಗಾದ ಬೆರಳುಗಳು ವಾಟಿಯನ್ನು ಹಿಡಿಯಲಿಲ್ಲ.

"ಕೊಡ ಇಲ್ಲಿ, ನಾ ತಿಕ್ತೀನಿ," ಅಂದ ಹಣಮಂತಪ್ಪ.

ಬೀರವ್ವ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು. "ತಲಿ ಕೆಟ್ಟೈತೇನ್ರಿ? ಗಂಡನ ಕೈಯಾಗ ಹೇಂತಿ ಕಾಲ ಕೊಟ್ರ ಆ ಪಾಪ ಯಾವ ಹೊಳ್ಯಾಗ ತೊಳೀಲಿ?"

"ಲಗ್ನದಾಗ ಕಾಲುಂಗರ ತೊಡಸೂವಾಗ ಪಾಪ ಬರ್ಲಿಲ್ಲೇನ?"

"ತೊಡಿಸಿದಾಂವ ಬೋಗಾರ. ನೀವ್ ಬಾಸಿಂಗ ಸರಿ ಮಾಡ್ಕೋತ ಕುಂತಿದ್ರಿ."

ಅವನಿಗೆ ನಗು ಬಂತು, ಆದರೆ ಅವಳು ಕಾಲು ಕೊಡಲಿಲ್ಲ. ಮರುದಿನವೂ ಕೊಡಲಿಲ್ಲ. ಸರ್ಕಾರಕ್ಕೆ ಬಗ್ಗದವನು ಹೆಂಡತಿಯ ಮುಂದೆ ವಾಟಿ ಹಿಡಿದು ಕುಳಿತು ಎಂಟು ದಿನ ಸೋತ.

ಗಿರಣಿಯಲ್ಲಿ ಕೆಲಸದ ಮೇಲ್ವಿಚಾರಕ ಮುಕಾದಮನ ಕಣ್ಣು ಅವಳ ಮೇಲೆ ಬಿತ್ತು. ಬೀರವ್ವ ಎರಡು ಸಲ ಯಂತ್ರದ ಬುಡದಲ್ಲಿ ಕುಸಿದು ಕುಳಿತಿದ್ದಳು. "ಇನ್ನೊಂದ ಸಲ ಕುಂತಿ ಅಂದ್ರ ನಾಳಿಂದ ಮನ್ಯಾಗ ಕುಂದ್ರು," ಅಂದ. ಗಂಡನಿಗೆ ಕೆಲಸವಿಲ್ಲ. ಅವಳು ನಿಲ್ಲಬೇಕು, ಇಲ್ಲವೇ ಮೂವರೂ ನಾಗಣಸೂರಿಗೆ ಹೋಗಿ ದಾಯಾದಿಗಳ ಬಾಗಿಲಲ್ಲಿ ಕೂಡಬೇಕು. ಮನೆಯಲ್ಲಿ ಇದನ್ನು ಅವಳು ಹೇಳಲಿಲ್ಲ. ಅದೇ ಖಾತೆಯಲ್ಲಿ ಕೆಲಸ ಮಾಡುವ ಎದುರು ಖೋಲಿಯ ಶಾರದಾಬಾಯಿ ಬಂದು ಹೇಳಿದಳು.

ಆ ಶುಕ್ರವಾರ ಸಂಜೆ, ಇನ್ನೂ ಬೆಳಕಿತ್ತು. ಬೀರವ್ವ ಚಾಳದ ಮೆಟ್ಟಿಲುಗಳನ್ನು ಮೊಳಕಾಲೂರಿ ಏರಿ ಬಂದಳು. ಯಾರೂ ನೋಡಲಿಲ್ಲ ಅಂದುಕೊಂಡಿದ್ದಳು. ಹಣಮಂತಪ್ಪ ಮೇಲೆ ನಿಂತು ನೋಡುತ್ತಿದ್ದ. ಅವಳ ತೋಳು ಹಿಡಿದು ಒಳಗೆ ತಂದ, ಬಾಗಿಲು ಮುಂದೆ ಮಾಡಿದ, ಗೋಡೆಗೆ ಒರಗಿಸಿ ಕೂಡಿಸಿದ. ಕಂಬಳಿಯನ್ನು ಮಡಚಿ ತನ್ನ ತೊಡೆಯ ಮೇಲೆ ಹಾಕಿಕೊಂಡು ಅವಳ ಬಲಗಾಲನ್ನು ಎತ್ತಿ ಇಟ್ಟುಕೊಂಡ.

"ಬ್ಯಾಡ್ರಿ... ಅತ್ತಿ ಬಂದಾರು..."

"ಯವ್ವ ನೀರಿಗಿ ಹೋಗ್ಯಾಳ. ಸುಮ್ಕ ಕುಂದ್ರು."

ಎಳೆದುಕೊಳ್ಳುವ ಶಕ್ತಿ ಅವಳಲ್ಲಿ ಇರಲಿಲ್ಲ. ಕಣ್ಣು ಮುಚ್ಚಿಕೊಂಡಳು. ತುಪ್ಪದ ತಂಪು ಮೊದಲು, ಆಮೇಲೆ ಕಂಚಿನ ತಂಪು. ಅವನಿಗೆ ಕೆಲಸ ಗೊತ್ತಿರಲಿಲ್ಲ. ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದ. "ಮೆಲ್ಲಕ," ಅಂದಳು. ಮೆಲ್ಲಗೆ ಮಾಡಿದ. ಹತ್ತು ವರ್ಷ ಇದೇ ವಾಟಿಯಿಂದ ಪರರ ಕಾಲು ತಿಕ್ಕಿದ್ದಳು, ಅಂಗಾಲಿಗೆ ಅದು ಹೇಗೆ ತಾಗುತ್ತದೆ ಎಂದು ಅವಳಿಗೆ ಇವತ್ತು ತಿಳಿಯಿತು. ಉರಿ ಒಂದು ಕಡೆಯಿಂದ ಸರಿದು ಇನ್ನೊಂದು ಕಡೆ ನಿಲ್ಲುತ್ತಿತ್ತು, ಅಲ್ಲಿಂದಲೂ ಸರಿಯುತ್ತಿತ್ತು. ತುಪ್ಪ ಕಪ್ಪಾಗತೊಡಗಿತು.

"ನೋಡ ಎಷ್ಟ ಕರಿ ಬಂತು," ಅಂದ ಅವನು, ಬೆರಳಿನಿಂದ ಒರೆಸಿ ತೋರಿಸುತ್ತ. "ಇದಿಷ್ಟೂ ಗಿರಣಿ ಒಳಗಿಂದು."

ಹಾಗೆ ಹೇಳಿ ವಾಟಿಯನ್ನು ಕಾಲಿನ ನಡುಗುಳಿಗೆ ತಂದ. ಬೀರವ್ವನಿಗೆ ಕಚಗುಳಿಯಾಯಿತು. ಎರಡು ವರ್ಷದಿಂದ ನಗದವಳು ಒಮ್ಮೆಲೇ ಕಿಲಕಿಲ ನಕ್ಕು ಕಾಲು ಕೊಡವಿದಳು. ವಾಟಿ ಅವನ ಕೈಯಿಂದ ಹಾರಿತು. ಶಹಾಬಾದಿ ಕಲ್ಲಿನ ಮೇಲೆ ಬಿತ್ತು.

ಠಣ್ಣ್!

ಸೀಳಲಿಲ್ಲ. ಉರುಳುತ್ತ, ಸುತ್ತುತ್ತ, ಮತ್ತೂ ಮತ್ತೂ ಗುಣುಗುಡುತ್ತ ಮೂಲೆಗೆ ಹೋಗಿ ನಿಂತಿತು. ಗಂಡಹೆಂಡಿರು ಒಬ್ಬರ ಮುಖ ಒಬ್ಬರು ನೋಡಿದರು. ಎದುರಿನ ಖೋಲಿಯಲ್ಲಿ ಶಾರದಾಬಾಯಿಯ ಕಂಚಿನ ತಾಟು ಎದ್ದಿತು. ಅದರ ಪಕ್ಕದ್ದು, ಅದರ ಮೇಲಿನದ್ದು, ಕೆಳಗಿನ ಸಾಲಿನದ್ದು. ಅರೆಗಳಿಗೆಯಲ್ಲಿ ಚಾಳವೆಲ್ಲ ಮದುವೆಮನೆಯಾಯಿತು. ಟೋಪಿಗಳು ಜೋಳದ ಗುಮ್ಮಿಯೊಳಗೆ ಹೋದವು. ಯಾರೋ ಬಾವುಟವನ್ನು ಕೂಸಿನ ಕೆಳಗೆ ಹಾಸಿದರು. ಶಾರದಾಬಾಯಿ ಭಾನುವಾರದ ಸಭೆಯ ಮುನ್ನೂರು ಕರಪತ್ರಗಳನ್ನು ಒಲೆಗೆ ತುರುಕಿದಳು.

ತುಕಾರಾಮ ಓಡಿ ಬಂದ. ಪೊಲೀಸರು ಮೊದಲು ಹಿಡಿಯುವುದು ಹಳೆಯ ಕೈದಿಯನ್ನು, ಹಣಮಂತಪ್ಪನನ್ನು ಕಿಟಕಿಯಿಂದ ದಾಟಿಸಬೇಕು ಎಂದು ಬಾಗಿಲು ದಬ್ಬಿದ. ಅವನ ಹಿಂದೆ ಏಳೆಂಟು ಜನ.

"ಹಣಮಂತಣ್ಣ, ಲಗೂ, ಲಗೂನ..." ಅಂದವನು ಅಲ್ಲೇ ನಿಂತ.

ಹಣಮಂತಪ್ಪನ ತೊಡೆಯ ಮೇಲೆ ಹೆಂಡತಿಯ ಕಾಲು. ಅವನ ಎರಡೂ ಕೈ ಕರಿ ಜಿಡ್ಡು.

"ಪೊಲೀಸರೆಲ್ಲಿ?" ಅಂದ ತುಕಾರಾಮ.

"ಇಲ್ಲ."

"ಮತ್ತ ಕಂಚ?"

"ಕೈ ಜಾರಿತು."

ಹಿಂದಿನಿಂದ ಒಬ್ಬ ಕಿಸಕ್ಕೆಂದ. ಆಮೇಲೆ ಯಾರೂ ತಡೆಯಲಿಲ್ಲ. "ವಿಜಾಪುರದಾಗ ಇದನ್ನೂ ಕಲಿಸ್ತಾರೇನೋ?" "ಸರ್ಕಾರದ ಕಾಲ ಹಿಡೀಲಿಲ್ಲ, ಪಾಪ, ಇಲ್ಲಿ ಬಂದ ಹಿಡದಾನ!" ಶಾರದಾಬಾಯಿ ಮಾತ್ರ ನಗಲಿಲ್ಲ, ಒಲೆಯಿಂದ ಎಳೆದ ಅರೆಬೆಂದ ಕಾಗದದ ಕಂತೆ ಹಿಡಿದು ನಿಂತಿದ್ದಳು. "ಮುನ್ನೂರ ಕಾಗದ ಸುಟ್ನೆಲ್ಲೋ ಭಾಡ್ಯಾ, ನಿನ್ನ ಚೈನಿ ಸಲುವಾಗಿ!"

ಬೀರವ್ವ ಸೆರಗು ಮುಖದ ಮೇಲೆ ಎಳೆದುಕೊಂಡಳು. ನೆಲ ಬಾಯಿ ಬಿಟ್ಟರೆ ಸಾಕಿತ್ತು. ಇನ್ನು ಈ ಚಾಳದಲ್ಲಿ ನೀರಿಗೆ ಹೇಗೆ ಹೋಗಲಿ, ಗಿರಣಿಯಲ್ಲಿ ಈ ಹೆಂಗಸರ ನಡುವೆ ಹೇಗೆ ನಿಲ್ಲಲಿ? ಕಾಲು ಎಳೆದಳು. ಬರಲಿಲ್ಲ. ಮತ್ತೆ ಎಳೆದಳು. ಹಣಮಂತಪ್ಪ ತಲೆ ತಗ್ಗಿಸಿದ್ದ, ಕಿವಿ ಕೆಂಪಾಗಿದ್ದವು. ಆದರೆ ಹಿಡಿದ ಕಾಲನ್ನು ಬಿಟ್ಟಿರಲಿಲ್ಲ.

ಗುರುಬಾಯಿ ಕೊಡ ಹೊತ್ತು ಜನರನ್ನು ಸರಿಸಿ ಒಳಗೆ ಬಂದಳು. ನಗೆ ನಿಂತಿತು. ಈಗ ಮುದುಕಿ ಸೊಸೆಯ ಜುಟ್ಟು ಹಿಡಿಯುತ್ತಾಳೆ ಎಂದು ಎಲ್ಲರೂ ಕಾಯ್ದರು. ಬೀರವ್ವ ಅದನ್ನೇ ಕಾಯ್ದಳು.

ಮುದುಕಿ ಕೊಡ ಇಳಿಸಿದಳು. ಮಗನನ್ನು ನೋಡಿದಳು, ಕಾಲನ್ನು ನೋಡಿದಳು. ಬಗ್ಗಿ ಆ ಹಿಮ್ಮಡಿಯ ಬಿರುಕಿನ ಮೇಲೆ ತನ್ನ ಸೊಟ್ಟ ಬೆರಳೊಂದನ್ನು ಆಡಿಸಿದಳು.

"ಏ ತುಕ್ಯಾ," ಅಂದಳು ಬಗ್ಗಿದಲ್ಲಿಂದಲೇ, "ನೀ ಎಂದರ ಕುರಿ ಕಾದೀಯೇನ?"

"ಇಲ್ಲ ಆಯಿ."

"ಮಳಿಗಾಲದಾಗ ಕುರಿ ಗೊರಸ ಕೊಳೀತಾವು. ಇವನಪ್ಪ ಒಂದೊಂದ ಕುರಿ ಕಾಲ ತೊಡಿ ಮ್ಯಾಲಿಟಗೊಂಡು, ಹುಳಾ ಆರಿಸಿ, ಎಣ್ಣಿ ಹಚ್ಚತಿದ್ದ. ನೂರಾ ಹತ್ತ ಕುರಿ. ಒಂದ ಕುರಿಗಿ ನಾಕ ಕಾಲು. ಯಾವ ಸೂಳಿಮಗನೂ ನಗಲಿಲ್ಲ. ಕುಂಟ ಕುರಿ ಹಿಂಡಿನ ಸಂಗಾಟ ನಡ್ಯಾಂಗಿಲ್ಲ, ಅಂತ ಎಲ್ಲಾರಿಗೂ ಗೊತ್ತಿತ್ತ. ಈಕಿ ಒಂದೂವರಿ ವರ್ಷ ನಿಂತಾಳ. ಇವನ ಟೋಪಿ ಸಲುವಾಗಿ ನಿಂತಾಳ. ಕುರಿ ಕಾಲ ಹಿಡದ ಮನಿತನ, ಇಂಥಾ ಕಾಲ ಹಿಡದ್ರ ಮಾನ ಹೋಗ್ತೈತೇನ?"

ಮುದುಕಿ ಬೆನ್ನು ನೆಟ್ಟಗೆ ಮಾಡಿ ತುಕಾರಾಮನ ಕಡೆ ತಿರುಗಿದಳು.

"ನಿನ್ನ ಹೇಂತಿ ಅಂಗಾಲ ಯಾವ ಬಣ್ಣ ಐತಿ? ಹೇಳ ನೋಡೂಣು."

ತುಕಾರಾಮನಿಗೆ ಗೊತ್ತಿರಲಿಲ್ಲ. ಹಿಂದೆ ನಿಂತವರಿಗೂ ಗೊತ್ತಿರಲಿಲ್ಲ ಅಂತ ಕಾಣುತ್ತದೆ, ಒಬ್ಬೊಬ್ಬರೇ ಜಾರಿದರು.

"ನಾ ಮಾತ್ರ ತಿಕ್ಕಂಗಿಲ್ಲ ಆಯಿ, ಆಕಿ ಒದೀತಾಳ," ಎಂದು ಹೇಳಿ ತುಕಾರಾಮನೂ ಹೋದ.

ಗುರುಬಾಯಿ ಮೂಲೆಯಿಂದ ವಾಟಿ ಎತ್ತಿ, ಸೆರಗಿನಿಂದ ಒರೆಸಿ, ಮಗನ ಮುಂದೆ ಇಟ್ಟಳು. "ನೆಲದ ಮ್ಯಾಲ ಕಂಬಳಿ ಹಾಸ್ಕೊ. ಇನ್ನೊಮ್ಮಿ ಬಿದ್ರ ನಿಜವಾದ ತೋಳ ಬಂದಾಗ ಯಾರೂ ಏಳಂಗಿಲ್ಲ." ಒಲೆಯ ಕಡೆ ಹೋಗಿ ಬೆನ್ನು ತಿರುಗಿಸಿ ಕುಳಿತಳು. ಸೊಸೆಯ ಮೇಲೆ ಅವಳು ಅಂತಃಕರಣ ತೋರಿಸುವ ರೀತಿ ಅದೇ. ನೋಡದಿರುವುದು.

ಬೀರವ್ವ ಆ ಸಂಜೆ ಇನ್ನೊಂದು ಕಾಲು ಕೊಡಲಿಲ್ಲ. ನಾಚಿಕೆ ಒಂದು ಭಾಷಣದಿಂದ ಹೋಗುವಂಥದ್ದಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿದಳು. ಆದರೆ ಮಲಗಿದ ಕೂಡಲೇ ನಿದ್ದೆ ಬಂತು.

ಶನಿವಾರ ಅವಳು ಬಲಗಾಲಿನ ಮೇಲೆ ಭಾರ ಹಾಕಿ ನಿಂತಳು. ಬಲಗಾಲು ತಡೆಯಿತು, ಎಡಗಾಲು ಕೆಂಡವಾಗಿತ್ತು. ಮುಕಾದಮ ಎರಡು ಸಲ ಹತ್ತಿರ ಬಂದು ಹೋದ. ಖಾತೆಯ ಹೆಂಗಸರು ಕಣ್ಣಲ್ಲೇ ನಕ್ಕರು. ಒಬ್ಬಳು ಮಾತ್ರ ಪಕ್ಕಕ್ಕೆ ಬಂದು ಯಂತ್ರದ ಸದ್ದಿನಲ್ಲಿ ಕಿವಿಗೆ ಬಾಯಿಟ್ಟು ಕೇಳಿದಳು. "ಖರೇನ ಉರಿ ಇಳೀತೈತೇನ ಬೀರವ್ವಕ್ಕ?"

ಭಾನುವಾರ ಬೆಳಿಗ್ಗೆ ಚಾಳದ ಅಂಗಳದಲ್ಲಿ ಗಂಡಸರು ಕೂಡಿದ್ದರು. ಸುಟ್ಟ ಕರಪತ್ರಗಳ ಬದಲು ಹಣಮಂತಪ್ಪ ಜೈಲಿನಲ್ಲಿ ಕಲಿತ ಅಕ್ಷರಗಳಲ್ಲಿ ಒಂದೊಂದಾಗಿ ಬರೆಯುತ್ತಿದ್ದ. ಶಾರದಾಬಾಯಿ ತಲೆಯ ಮೇಲೆ ನಿಂತು ಬರೆಸುತ್ತಿದ್ದಳು. ತುಕಾರಾಮ ತಿದ್ದುತ್ತಿದ್ದ. ಹತ್ತು ಹನ್ನೆರಡು ಜನ ಸುತ್ತ ಕುಳಿತು ಸಂಜೆಯ ಸಭೆಗೆ ಯಾರು ಮುಂದೆ ನಡೆಯಬೇಕು ಎಂದು ವಾದ ಮಾಡುತ್ತಿದ್ದರು.

ಬೀರವ್ವ ಖೋಲಿಯ ಬಾಗಿಲಿಗೆ ಬಂದಳು. ಚೌಕಟ್ಟು ಹಿಡಿದು ಸ್ವಲ್ಪ ಹೊತ್ತು ನಿಂತಳು. ನಾಳೆ ಸೋಮವಾರ. ನಾಳೆ ಈ ಎಡಗಾಲು ನಿಲ್ಲದಿದ್ದರೆ ನಾಡಿದ್ದು ಗಿರಣಿಯಿಲ್ಲ. ಸೆರಗು ತಲೆಯ ಮೇಲೆ ಸರಿ ಮಾಡಿಕೊಂಡಳು. ಮುಖ ಮುಚ್ಚಿಕೊಳ್ಳಲಿಲ್ಲ.

"ರೀ," ಅಂದಳು. "ಎಡಗಾಲ ಉಳದೈತಿ."

ವಾದ ನಿಂತಿತು. ತುಕಾರಾಮ ಕಾಗದವನ್ನು ಕಣ್ಣಿಗೆ ಇನ್ನೂ ಹತ್ತಿರ ಹಿಡಿದ. ಹಣಮಂತಪ್ಪ ಲೆಕ್ಕಣಿಕೆಯನ್ನು ಶಾರದಾಬಾಯಿಯ ಕೈಗೆ ಕೊಟ್ಟು ಎದ್ದ, ಯಾರ ಮುಖವನ್ನೂ ನೋಡದೆ ಮೆಟ್ಟಿಲು ಹತ್ತಿ ಹೋದ.

ಸೋಮವಾರ ಭೋಂಗಾ ಕೂಗಿದಾಗ ಬೀರವ್ವ ನಿಂತಳು. ಸಂಜೆಯ ಭೋಂಗಾ ಕೂಗುವ ತನಕ ನಿಂತೇ ಇದ್ದಳು.